ವಿಂಗಡಿಸದ ಕಸದಿಂದ ಎಣ್ಣೆ ಬರುವುದೆ?

ಮನೆಯ ಕಸವನ್ನು ವಿಂಗಡಿಸದೆಯೇ ಪ್ರಾಯೋಗಿಕ ಕುಲುಮೆಗೆ ಹಾಕಿ ಎಣ್ಣೆ ಪಡೆಯಬಹುದೆಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ಒಪ್ಪಲಾರೆ. ಗಾಳಿಯಿಲ್ಲದೆ 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಹಾಲಿನ ತೊಟ್ಟೆಯಂಥ ಪಾಲಿಥೀನ್ ಆವಿಯಾಗಿ, ಹೊರಹೋಗುವ ಕೊಳವೆಯಲ್ಲಿ ತಣಿದು ಎಣ್ಣೆಯಾಗುವುದು ನಿಜ. ಆದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಎಣ್ಣೆ ಕೊಡುವುದಕ್ಕಿಂತ ಹೆಚ್ಚಾಗಿ ಬಿಳಿ ಪುಡಿಯಾಗಿ ಕೊಳವೆಯನ್ನು ಕಟ್ಟಿಸುತ್ತದೆ, ನೀರಿನ ಪೈಪುಗಳಲ್ಲಿರುವ ಪಿವಿಸಿ ಪ್ಲಾಸ್ಟಿಕ್‌ನ ಚೂರುಗಳಂತೂ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲವನ್ನು ಹೊರಬಿಟ್ಟು ಉಕ್ಕನ್ನೇ ತಿನ್ನುತ್ತವೆ. ಇನ್ನು ಅಡುಗೆಮನೆಯ ಹಸಿ ಕಸದ ಮಾತು. ಒಂದು ಕಿಲೋ ಕುದಿನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಹಾಗಾಗಿ ಉರಿಯ ಬಹುಪಾಲು ಕಸದ ನೀರನ್ನು ಆರಿಸುವುದಕ್ಕೇ ಹೋಗುತ್ತದೆ; ಶಿರಸಿಯ ಮಳೆಗಾಲದಲ್ಲಿ ಒಣ ಕಸವೂ ಒದ್ದೆಯೇ.

ಅಡಿಕೆ ಬೇಯಿಸುವ ಒಲೆಯ ಮೇಲೆ ಚಿಕ್ಕ ಉಕ್ಕಿನ ಪಾತ್ರೆ ಕೂರಿಸಿ, ಅಡಿಕೆ ಸಿಪ್ಪೆಯ ಉರಿಯಲ್ಲಿ ನಾನು ಇದನ್ನು ಪ್ರಯತ್ನಿಸಿದ್ದೇನೆ. ಮೊದಲ ಸಲ ಕೊಳವೆಯ ತುದಿಯನ್ನು ನೇರವಾಗಿ ನೀರಿನಲ್ಲಿ ಮುಳುಗಿಸಿದ್ದೆ (ಲೇಖನದ ಚಿತ್ರದಲ್ಲಿಯೂ ಹಾಗೆಯೇ ಇದೆ). ಒಲೆ ತಣಿಯತೊಡಗಿದಾಗ ಒಳಗಿನ ಅನಿಲ ಕುಗ್ಗಿ, ನೀರು ಹಿಮ್ಮುಖವಾಗಿ ಬಿಸಿ ಪಾತ್ರೆಗೆ ನುಗ್ಗುವುದರಲ್ಲಿತ್ತು. ಬಿಸಿ ಪಾತ್ರೆಗೂ ನೀರಿಗೂ ನಡುವೆ ಒಂದು ಖಾಲಿ ಪಾತ್ರೆಯನ್ನು ಜೋಡಿಸಿದ್ದರೆ ಆ ನೀರು ಅಲ್ಲಿಯೇ ನಿಲ್ಲುತ್ತದೆ. ಲೇಖಕರು ಕನಿಷ್ಠ ಆ ಚಿತ್ರವನ್ನಾದರೂ ತಿದ್ದಬೇಕು.