ಮೆಷೀನ್ ಶಾಪಿನ ಪಾಠವನ್ನು ಎಐ ಹೇಳಿಕೊಡಬೇಕಾ?

ಪರ: ಸಹಿ ಹಾಕಿ ವಾಪಸ್ ಬರುವ ಫೈಲು

ಪೀಣ್ಯದ ಒಂದು ಸಣ್ಣ ಮೆಷೀನ್ ಶಾಪಿನಲ್ಲಿ ಟ್ರೈನಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ಒಂದು ಫೈಲು ಕೊಡುತ್ತೇವೆ. 40 ಪುಟ, ಪೂರ್ತಿ ಇಂಗ್ಲಿಷ್. ರಾಯಚೂರು, ಕೊಪ್ಪಳ, ಪಾವಗಡದ ಕಡೆ ಐಟಿಐ ಮುಗಿಸಿ ಬಂದವರು ಕೊನೆಯ ಪುಟಕ್ಕೆ ಸಹಿ ಹಾಕಿ ವಾಪಸ್ ಕೊಡುತ್ತಾರೆ. ಓದಿದರಾ? ನಾನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಕಂಪನಿ ಬಸ್ಸು ನಿಂತಾಗ ಇದೇ ಹುಡುಗರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಎಂಟು ನಿಮಿಷದ ಕನ್ನಡ ಪಾಡ್‌ಕಾಸ್ಟ್ ಮಾಡಿದರೆ ಹೇಗೆ ಅಂತ ಅನಿಸಿದ್ದು ಆ ಬಸ್ಸಿನಲ್ಲೇ. ಕೇಳಿ ಕಲಿಯುವುದು ನಮಗೇನು ಹೊಸದಾ? ಮೈಸೂರಿನಲ್ಲಿ 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದರು, ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತು. ನಮ್ಮ ತಂದೆ ಬಿತ್ತನೆ ಬೀಜದ ವಿಷಯ ತಿಳಿದುಕೊಂಡಿದ್ದು ಹಾಲು ಕರೆಯುತ್ತಾ ಕೇಳಿದ ಕೃಷಿ ಕಾರ್ಯಕ್ರಮದಿಂದ. ಪುಸ್ತಕ ತೆರೆದು ಕೂತವರಲ್ಲ ಅವರು.

ಮೊದಲಾಗಿದ್ದರೆ ಸ್ಟುಡಿಯೋ ಬೇಕಿತ್ತು, ಓದುವವರು ಬೇಕಿತ್ತು, ಎಡಿಟಿಂಗ್ ಬೇರೆ. ನಮ್ಮಂಥ ಕಂಪನಿ ಅದಕ್ಕೆಲ್ಲ ದುಡ್ಡು ಬಿಚ್ಚುವುದಿಲ್ಲ. ಈಗ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಇದೆ. ನಾವು ಕೊಟ್ಟ ಕಾಗದಪತ್ರ ಓದಿ, ಇಬ್ಬರು ಕೂತು ಮಾತಾಡಿದ ಹಾಗೆ ಆಡಿಯೋ ಮಾಡಿಕೊಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಈ ಆಡಿಯೋ ಸೌಲಭ್ಯ ಬಂದಾಗ ಇಂಗ್ಲಿಷ್ ಮಾತ್ರ ಇತ್ತು. 2025ರ ಏಪ್ರಿಲ್‌ನಲ್ಲಿ ಐವತ್ತಕ್ಕೂ ಜಾಸ್ತಿ ಭಾಷೆಗಳು ಸೇರಿದವು, ಕನ್ನಡವೂ.

ಆದರೆ ನನಗೆ ಉಪಯೋಗಕ್ಕೆ ಬಂದಿದ್ದು ಫೈಲನ್ನು ಮಾತಾಗಿಸುವುದಕ್ಕಿಂತ ಬೇರೆ ದಾರಿ. ಮೆಷೀನಿಗೆ ಟೂಲು, ಅಳತೆ ಹೊಂದಿಸಿಕೊಡುವ ನಮ್ಮ ಹಿರಿಯ ಸೆಟ್ಟರ್ ಅಣ್ಣನ ಜೊತೆ ಟೀ ಟೈಮಿನಲ್ಲಿ ಕೂತು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದಿದ್ದು ಹೇಗೆ ಗೊತ್ತಾಗುತ್ತದೆ, ಜಾಬ್ (ಕೆಲಸಕ್ಕೆ ಹಾಕುವ ಲೋಹದ ತುಂಡು) ಕಟ್ಟುವಾಗ ಅದನ್ನು ಹಿಡಿಯುವ ಚಕ್‌ನಲ್ಲಿ ಲೋಹದ ಚೂರು, ಅಂದರೆ ಚಿಪ್ಸ್, ಉಳಿದರೆ ಏನಾಗುತ್ತದೆ, ಇಂಥವು. ಯಾವ ಫೈಲಿನಲ್ಲೂ ಇಲ್ಲದ ಮಾತು. ಎಐ ಅದನ್ನು ಬರಹಕ್ಕೆ ಇಳಿಸಿತು, ಮತ್ತೆ ಮತ್ತೆ ಬಂದಿದ್ದನ್ನು ತೆಗೆಯಿತು, ಪ್ರಶ್ನೆ-ಉತ್ತರದ ಸ್ಕ್ರಿಪ್ಟ್ ಮಾಡಿತು. ನಾನು ತಿದ್ದಿ, ಎಐ ಕೈಲೇ ಧ್ವನಿ ಹಾಕಿಸಿದೆ. ಎಲ್ಲಾ ಸೇರಿ ಎರಡು ಸಂಜೆ. ಮುಂದೆ ಮೆಷೀನು ಬದಲಾದರೆ ಒಂದು ಪ್ಯಾರಾ ತಿದ್ದಿ ಮತ್ತೆ ಧ್ವನಿ ಹಾಕಿಸಿದರಾಯಿತು.

ತಪ್ಪು ಆಗಲಿಲ್ಲವಾ ಅಂದರೆ, ಆಯಿತು. ಮೂರನೇ ಕಂತನ್ನು ಅವಸರದಲ್ಲಿ ಸರಿಯಾಗಿ ಕೇಳದೆ ಗ್ರೂಪಿಗೆ ಹಾಕಿಬಿಟ್ಟೆ. ಅದರ ಕಥೆ ಅಣ್ಣನೇ ಹೇಳುತ್ತಾರೆ, ಬಿಡುವವರಲ್ಲ. ಈಗ ಅವರು ಕೇಳಿ ಹೂಂ ಅನ್ನದೆ ಯಾವ ಕಂತೂ ಹೊರಗೆ ಹೋಗುವುದಿಲ್ಲ. ಗಿರಾಕಿಗಳ ಡ್ರಾಯಿಂಗ್ ಅಂತೂ ಯಾವ ಟೂಲಿಗೂ ಹಾಕುವುದಿಲ್ಲ.

ಒಂದು ಮಾತು ಮಾತ್ರ ಕೇಳಿ. ಎರಡನೇ ಕಂತು ಗ್ರೂಪಿಗೆ ಹಾಕಿದ ವಾರ ಒಬ್ಬ ಹುಡುಗ ನನ್ನ ಹತ್ತಿರ ಬಂದು, “ಸಾರ್, ಅದರಲ್ಲಿ ಆಫ್‌ಸೆಟ್, ಅಂದ್ರೆ ಟೂಲಿನ ಅಳತೆ ತಿದ್ದೋ ವಿಷಯ ಬಂತಲ್ಲ, ನನಗೆ ಅರ್ಧ ಅರ್ಥ ಆಯ್ತು” ಅಂದ. ಆ 40 ಪುಟದ ಫೈಲು ಕೊಡಲು ಶುರು ಮಾಡಿದಾಗಿನಿಂದ ಅದರ ಬಗ್ಗೆ ಒಬ್ಬನೂ ಹೀಗೆ ಬಂದು ಕೇಳಿರಲಿಲ್ಲ.

ವಿರೋಧ: ಗೋ ಬದಿ ಹೋಗಲಿಲ್ಲ

ಆ ಅಣ್ಣ ನಾನೇ. ಮೂರನೇ ಕಂತಿನಿಂದಲೇ ಶುರು ಮಾಡುತ್ತೇನೆ.

ಡ್ರಾಯಿಂಗ್‌ನಲ್ಲಿ ಬೋರ್‌ಗೆ, ಅಂದರೆ ಕೊರೆಯುವ ತೂತಿಗೆ, 20 ಎಚ್7 ಅಂತ ಅಳತೆ ಇದ್ದರೆ, ಅದು 20.000ದಿಂದ 20.021 ಮಿಲಿಮೀಟರ್ ಒಳಗೆ ಇರಬೇಕು. ಮೇಲಕ್ಕೆ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್) ಬಿಡಬಹುದು, ಕೆಳಕ್ಕೆ ಒಂದೂ ಇಲ್ಲ. ಆ ಪಾಡ್‌ಕಾಸ್ಟ್‌ನ ಹೆಣ್ಣು ಧ್ವನಿ ಬಹಳ ಮುದ್ದಾಗಿ “ಪ್ಲಸ್ ಆರ್ ಮೈನಸ್ 21 ಮೈಕ್ರಾನ್” ಅಂದಿತು. ಗಂಡು ಧ್ವನಿ “ಓಹೋ, ಹಾಗಾ!” ಅಂತ ತಲೆದೂಗಿತು. ಮಾರನೇ ದಿನ ಒಬ್ಬ ಹುಡುಗ 19.985ಕ್ಕೆ ಬೋರ್ ಮುಗಿಸಿ, ತೂತಿನ ಅಳತೆ ನೋಡುವ ಪ್ಲಗ್ ಗೇಜಿನ ಗೋ ಬದಿ (ತೂತು ಸರಿಯಿದ್ದರೆ ಒಳಗೆ ಹೋಗಬೇಕಾದ ತುದಿ) ಒಳಗೆ ಹೋಗದೆ, ಗೇಜೇ ಸರಿಯಿಲ್ಲ ಅಂತ ಅದನ್ನು ತಿರುವಿ ತಿರುವಿ ಒತ್ತುತ್ತಿದ್ದ. ಬೋರ್ ಸಣ್ಣದಾಗಿದ್ದರಿಂದ ಇನ್ನೊಂದು ಕಟ್ ಕೊಟ್ಟು ಸರಿ ಮಾಡಿದೆವು. ದೊಡ್ಡದಾಗಿದ್ದರೆ ಸೀದಾ ಸ್ಕ್ರ್ಯಾಪ್.

ತಪ್ಪು ನಾನೂ ಹೇಳುತ್ತೇನೆ. ಆದರೆ ನನಗೆ ಅನುಮಾನ ಇದ್ದಾಗ ತಲೆ ಕೆರೆದುಕೊಳ್ಳುತ್ತೇನೆ, “ತಡಿ, ಚಾರ್ಟ್ ನೋಡ್ತೀನಿ” ಅನ್ನುತ್ತೇನೆ. ಹುಡುಗರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ, ಇದು ನೋಡಿಕೊಂಡು ಮಾಡಬೇಕಾದ ಲೆಕ್ಕ ಅಂತ. ಈ ಧ್ವನಿಗಳಿಗೆ ಸರಿಯಾದ ಮಾತಿಗೂ ತಪ್ಪು ಮಾತಿಗೂ ಒಂದೇ ರಾಗ. ಅದನ್ನು ಕೇಳಿದವನು ಗೇಜಿನ ಮೇಲೇ ಅನುಮಾನ ಪಟ್ಟ ನೋಡಿ.

ಭಾಷೆ ಇನ್ನೊಂದು ತಮಾಷೆ. ನಾವು ಜಾಬ್ ಅನ್ನುವುದನ್ನು ಅದು ‘ಕಾರ್ಯವಸ್ತು’ ಅಂದಿತು. ಕೂಲೆಂಟ್ ‘ಶೀತಕ’ ಆಯಿತು, ಬೋರ್ ‘ರಂಧ್ರ’ ಆಯಿತು. ಕನ್ನಡಕ್ಕೆ ತಂದಿದ್ದೇ ಸುಲಭ ಆಗಲಿ ಅಂತ ಅಲ್ವಾ? ನಮ್ಮ ಟ್ರೈನಿಂಗ್ ಸಾಹೇಬರು ಕೂತು ಒಂದೊಂದನ್ನೂ ತಿದ್ದಿದ್ದು ನಿಜ. ಎರಡು ಸಂಜೆ ಅಂತ ಅವರು ಬರೆದ ಲೆಕ್ಕದಲ್ಲಿ ನಾನು ಕೂತು ಕೇಳಿದ ಸಂಜೆಗಳು ಇಲ್ಲ. ಎಂಟು ನಿಮಿಷದ ಆಡಿಯೋ ಪರೀಕ್ಷೆ ಮಾಡಲು ನನಗೆ ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ನಾಲ್ಕು ಹುಡುಗರನ್ನು ಮೆಷೀನಿನ ಮುಂದೆ ನಿಲ್ಲಿಸಿಕೊಂಡು ಹೇಳಿಕೊಡಬಹುದಿತ್ತು. ನಮ್ಮ ಕೆಲಸದಲ್ಲಿ ಅರ್ಧ ಪಾಠ ಕಿವಿಯದು, ಒಪ್ಪುತ್ತೇನೆ. ಆದರೆ ಅದು ಟೂಲು ಕಿರುಗುಟ್ಟುವ ಸದ್ದು. ಅದನ್ನು ಕೇಳಬೇಕಾದರೆ ಇಯರ್‌ಫೋನ್ ತೆಗೆದಿಡಬೇಕು.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಸ್ಸಿನ ಆ ಒಂದು ಗಂಟೆ ಹುಡುಗರದ್ದು. ಊರಿಗೆ ಫೋನ್ ಮಾಡುತ್ತಾರೆ, ಹಾಡು ಕೇಳುತ್ತಾರೆ, ಸುಮ್ನೆ ನಿದ್ದೆ ಮಾಡುತ್ತಾರೆ. ಟ್ರೈನಿಂಗ್ ಮೊದಲು ಶಿಫ್ಟಿನ ಒಳಗಿತ್ತು, ಸಂಬಳದ ಲೆಕ್ಕದಲ್ಲಿತ್ತು. ಹೊತ್ತು ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಬಸ್ಸಿನಲ್ಲಿ ಪಾಠ ಕೇಳಿದ್ದಕ್ಕೆ ಯಾರು ಕೊಡುತ್ತಾರೆ? ಈಗ ‘ಇಷ್ಟ ಇದ್ದವರು ಕೇಳಿ’ ಅಂತಿದೆ. ನಾಳೆ ಯಾರು ಕೇಳಿದರು, ಯಾರು ಕೇಳಲಿಲ್ಲ ಅಂತ ಪಟ್ಟಿ ಬರುತ್ತದೆ. ನಾನು ಇಂಥ ಪಟ್ಟಿ ಬಹಳ ನೋಡಿದ್ದೇನೆ.

ಆ ಹುಡುಗ ಬಂದು ಅರ್ಧ ಅರ್ಥ ಆಯ್ತು ಅಂದಿದ್ದು ನನಗೂ ಖುಷಿಯೇ. ಆದರೆ ಉಳಿದರ್ಧ ಕೇಳಲು ಅವನು ಮನುಷ್ಯರ ಹತ್ತಿರವೇ ಬರಬೇಕಾಯಿತಲ್ಲ. ಫೈಲು ಓದಲಿಲ್ಲ ಅನ್ನುವ ಕಾಯಿಲೆಗೆ ಮೊದಲು ಫೈಲನ್ನೇ ನಾಲ್ಕು ಪುಟದ ಕನ್ನಡಕ್ಕೆ ಇಳಿಸಬಹುದಿತ್ತು. ಅದಕ್ಕೆ ಯಾವ ಎಐ ಬೇಕಿತ್ತು?

ಮುಂದಿನ ವರ್ಷ ನಾನು ರಿಟೈರ್ ಆಗುತ್ತೇನೆ. ಮುಂದಿನ ಕಂತುಗಳು ನನ್ನ ಧ್ವನಿಯಲ್ಲೇ ಬರಲಿ, ನನ್ನ ರೆಕಾರ್ಡಿಂಗ್‌ನಿಂದ ಎಐ ನನ್ನ ಹಾಗೇ ಮಾತಾಡುತ್ತದೆ ಅಂತ ಆಫೀಸಿನಿಂದ ಒಂದು ಫಾರಂ ಬಂದಿದೆ. ನಾನು ಹೋದ ಮೇಲೆ ನನ್ನ ಧ್ವನಿ ‘ಪ್ಲಸ್ ಆರ್ ಮೈನಸ್’ ಅಂದರೆ ತಿದ್ದುವವರು ಯಾರು ಅಂತ ಅದರಲ್ಲಿ ಬರೆದಿಲ್ಲ. ಎಷ್ಟು ವರ್ಷ ಬಳಸುತ್ತಾರೆ, ಏನು ಕೊಡುತ್ತಾರೆ ಅಂತಲೂ ಇಲ್ಲ. ಅಷ್ಟು ಬರೆದು ಕೊಡಿ ಅಂತ ವಾಪಸ್ ಕಳಿಸಿದ್ದೇನೆ. ಫಾರಂ ಇನ್ನೂ ಬಂದಿಲ್ಲ.