ಕೊಹ್ಲಿಯ 21 ಕೋಟಿ: ನಿಯಮ ಮುರಿದಿಲ್ಲ

ಮಂಡ್ಯ, ಮದ್ದೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ವಾರ ಓಡಾಡುತ್ತಿರುವ ಮೆಸೇಜ್: ‘ಐಪಿಎಲ್‌ನಲ್ಲಿ ಮಿತಿ 18 ಕೋಟಿ, ಆರ್‌ಸಿಬಿ 2025ಕ್ಕೆ ಕೊಹ್ಲಿಗೆ 21 ಕೋಟಿ ಕೊಟ್ಟು ನಿಯಮ ಮುರಿಯಿತು’. ಇದು ತಪ್ಪು.

18 ಕೋಟಿ ಆಟಗಾರನ ಸಂಬಳಕ್ಕೆ ಹಾಕಿದ ಮಿತಿಯಲ್ಲ. ಹರಾಜಿಗೆ ಬಿಡದೆ ತಂಡ ಉಳಿಸಿಕೊಂಡ ಮೊದಲ ಆಟಗಾರನ ಲೆಕ್ಕದಲ್ಲಿ, 2025ಕ್ಕೆ ತಂಡಕ್ಕಿದ್ದ 120 ಕೋಟಿ ಹರಾಜು ಹಣದಿಂದ ಕಳೆಯಲು ಗೊತ್ತುಮಾಡಿದ ಮೊತ್ತ. ನಿಗದಿಯ ಒಟ್ಟು, ನಿಜವಾಗಿ ಕೊಟ್ಟ ಒಟ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದೇ ಕಡಿತ. ಆರ್‌ಸಿಬಿ ಉಳಿಸಿಕೊಂಡ ಮೂವರಿಗೆ ಕೊಟ್ಟದ್ದು ಕೊಹ್ಲಿ 21, ಪಾಟೀದಾರ್ 11, ಯಶ್ ದಯಾಳ್ 5 ಸೇರಿ 37. ನಿಗದಿ ಮೊದಲನೆಯವರಿಗೆ 18, ಎರಡನೆಯವರಿಗೆ 14 ಮತ್ತು ದಯಾಳ್‌ರಂತೆ ಭಾರತ ತಂಡಕ್ಕೆ ಆಡದವರಿಗೆ 4, ಸೇರಿ 36. ಹಾಗಾಗಿ 37 ಕಳೆದು ಹರಾಜಿಗೆ ಉಳಿದದ್ದು 83 ಕೋಟಿ. ಅದೇ 2025ಕ್ಕೆ ಹೈದರಾಬಾದ್ ತಂಡ ತಾನು ಉಳಿಸಿಕೊಂಡ ಕ್ಲಾಸೆನ್‌ಗೆ 23 ಕೋಟಿಯನ್ನೇ ಕೊಟ್ಟಿತು!

ಇದಕ್ಕೆ ಆಧಾರ, 2024ರ ಸೆಪ್ಟೆಂಬರ್‌ನಲ್ಲಿ ಐಪಿಎಲ್ ಆಡಳಿತ ಮಂಡಳಿ ಪ್ರಕಟಿಸಿದ ನಿಯಮ. ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.