ರೈಲ್ವೆ ಬಿಟ್ಟುಹೋದ ಕಟ್ಟಡ, ಧಾರವಾಡ ಕೇಳಿ ಪಡೆದ ಕಾಲೇಜು

ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡವನ್ನು ಪರವೂರಿನಿಂದ ಬಂದವರಿಗೆ ತೋರಿಸುವಾಗ ನಾವು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಬ್ರಿಟಿಷರ ಕಾಲದ್ದು." ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಕಟ್ಟಡದ ಅರ್ಧ ಚರಿತ್ರೆಯನ್ನು, ಅದರಲ್ಲೂ ನಮ್ಮ ಜನ ದುಡಿದು ಗಳಿಸಿದ ಅರ್ಧವನ್ನು, ನಾವೇ ಕೈಬಿಟ್ಟಂತಾಗುತ್ತದೆ. ಆ ಗೋಡೆಗಳ ನಡುವೆ ಕೂತು ಪಾಠ ಕೇಳಿದ ನನಗೂ ಆ ಅರ್ಧ ತಿಳಿದದ್ದು ಪದವಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ.

ಅದನ್ನು ಕಟ್ಟಿದ್ದು ಕಾಲೇಜಿಗೆಂದಲ್ಲ, ರೈಲ್ವೆ ಕಚೇರಿಗೆಂದು. 1876–78ರ ಭೀಕರ ಬರದಲ್ಲಿ ಈ ಭಾಗದ ಹಳ್ಳಿಗಳಿಗೆ ಧಾನ್ಯ ಸಾಗಿಸಲು ಹಳಿಗಳೇ ಇಲ್ಲದ್ದರಿಂದ ಆದ ಸಾವುನೋವನ್ನು ಕಂಡ ಮೇಲೆ, ಬರಪೀಡಿತ ಪ್ರದೇಶಗಳಿಗೆ ರೈಲುಮಾರ್ಗ ಹಾಕುವ ಯೋಜನೆಗಳು ಚುರುಕಾದವು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಧಾರವಾಡವನ್ನು ತನ್ನ ಮುಖ್ಯ ಠಾಣೆಯನ್ನಾಗಿ ಮಾಡಿಕೊಂಡಿತು. ಹೊಟಗಿಯಿಂದ ಗದಗಿಗೆ, ಹುಬ್ಬಳ್ಳಿಯಿಂದ ಲೋಂಡಾಕ್ಕೆ, ಬೆಳಗಾವಿ ಹಾದು ಪುಣೆಗೆ ಹಬ್ಬಿದ ಮೀಟರ್ ಗೇಜ್ ಹಳಿಗಳ ಲೆಕ್ಕಪತ್ರ, ನಕಾಶೆ, ನೌಕರಿ, ಸಂಬಳ ಎಲ್ಲದರ ತೀರ್ಮಾನಗಳು ಧಾರವಾಡದಿಂದಲೇ ಹೊರಡುತ್ತಿದ್ದವು. ಇಂದು ಹುಡುಗರು ಹಾಜರಿ ಹೇಳುವ ಕಟ್ಟಡದಲ್ಲಿ ಅಂದು ಗುಮಾಸ್ತರು ಕಡತ ಬಿಚ್ಚುತ್ತಿದ್ದರು.

1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿಹೋಯಿತು. ಹೊಸದಾಗಿ ಹುಟ್ಟಿದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ ಮದ್ರಾಸಾಯಿತು, ಧಾರವಾಡದ ಮಹತ್ವ ಒಮ್ಮೆಲೇ ಇಳಿಯಿತು. ನೆಲೆ ತಪ್ಪಿದ ಇಂಥ ದೊಡ್ಡ ಕಟ್ಟಡಗಳು ಸಾಮಾನ್ಯವಾಗಿ ಗೋದಾಮಾಗುತ್ತವೆ, ಇಲ್ಲವೇ ಇನ್ನೊಂದು ಸರ್ಕಾರಿ ಕಚೇರಿಯಾಗುತ್ತವೆ. ಇಲ್ಲಿ ಹಾಗಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದವು 1908ರಿಂದ 1917ರವರೆಗಿನ ಒಂಬತ್ತು ವರ್ಷಗಳು, ಮತ್ತು ನಾವು ಅತಿ ಕಡಿಮೆ ಮಾತಾಡುವುದೂ ಅವುಗಳ ಬಗ್ಗೆಯೇ.

ಆ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಹುಡುಗನೊಬ್ಬ ಮೆಟ್ರಿಕ್ ಮುಗಿಸಿದರೆ ಮುಂದಿನ ಓದಿಗೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ದ.ರಾ. ಬೇಂದ್ರೆಯವರನ್ನೇ ನೋಡಿ. 1913ರಲ್ಲಿ ಮೆಟ್ರಿಕ್ ಮುಗಿಸಿದ ಅವರು ಬಿ.ಎ. ಓದಲು ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು, ಏಕೆಂದರೆ ಅವರ ಹುಟ್ಟೂರಿನಲ್ಲಿ ಆಗ ಕಾಲೇಜೇ ಇರಲಿಲ್ಲ. ಅವರಿಗೆ ಹೇಗೋ ಸಾಧ್ಯವಾಯಿತು. ಪುಣೆಯ ಖರ್ಚು ನಿಭಾಯಿಸಲಾಗದೆ ಓದು ಬಿಟ್ಟು ಕಾರಕೂನರಾದವರನ್ನು, ಹೊಲಕ್ಕೆ ಮರಳಿದವರನ್ನು ಲೆಕ್ಕವಿಟ್ಟವರು ಯಾರು? ಕನ್ನಡ ನಾಡಿಗೊಂದು ಕಾಲೇಜು ಬೇಕೆಂಬ ಬೇಡಿಕೆ ಹುಟ್ಟಿದ್ದು ಈ ಸಂಕಟದಿಂದ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಅದಾಗಲೇ ಕನ್ನಡದ ಪರವಾಗಿ ಜನರ ಮನಸ್ಸನ್ನು ಹದಗೊಳಿಸಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಹಿರಿಯರು ಸರ್ಕಾರದ ಬೆನ್ನು ಹತ್ತಿದರು, ದೇಣಿಗೆ ಕೂಡಿಸಿದರು. ಮಹಾಯುದ್ಧ ನಡೆದಿದ್ದ ಹೊತ್ತಿನಲ್ಲಿಯೂ, 1917ರಲ್ಲಿ, ಕಾಲೇಜು ಆರಂಭವಾಯಿತು. ರೈಲ್ವೆ ಬಿಟ್ಟುಹೋದ ಕಟ್ಟಡ ಅದರ ಮನೆಯಾಯಿತು.

ಹಾಗೆ ಗಳಿಸಿದ ಕಾಲೇಜು ಏನು ಕೊಟ್ಟಿತೆಂಬುದಕ್ಕೆ ದೊಡ್ಡ ಪಟ್ಟಿ ಬೇಕಿಲ್ಲ. ಸವಣೂರಿನಿಂದ ಬಂದ ವಿ.ಕೃ. ಗೋಕಾಕರು ಇಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದರು, ಮುಂದೆ ಇದೇ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು. 1958ರಲ್ಲಿ ಪದವಿ ಪಡೆದ ಗಿರೀಶ ಕಾರ್ನಾಡರು ಇಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಇಬ್ಬರೂ ಜ್ಞಾನಪೀಠ ಪಡೆದವರು.

ನನಗೆ ನೆನಪಿರುವುದು ಮಾತ್ರ ತೀರ ಸಣ್ಣ ಸಂಗತಿ. ಏಪ್ರಿಲ್ ಬಿಸಿಲಿನಲ್ಲಿ ನಡೆದು ಬಂದು ಒಳಗೆ ಕಾಲಿಟ್ಟೊಡನೆ ಮೈಗೆ ತಾಗುತ್ತಿದ್ದ ತಂಪು, ಗೋಡೆಗೆ ಅಂಗೈ ಒತ್ತಿದರೆ ಬೆರಳಿಗೆ ಸಿಗುತ್ತಿದ್ದ ಉಳಿಯ ಏಟಿನ ಗುರುತು. ಆ ಏಟು ಹಾಕಿದ ಕಲ್ಲುಕುಟಿಗನ ಹೆಸರು ಯಾವ ಫಲಕದಲ್ಲೂ ಸಿಗುವುದಿಲ್ಲ.

ಈ ಕಾರಣಕ್ಕೇ ಇಂಥ ಕಟ್ಟಡಗಳ ದುರಸ್ತಿಯ ಮಾತು ಬಂದಾಗ ನನಗೆ ಆತಂಕವಾಗುತ್ತದೆ. ಹಳೆಯ ಕಲ್ಲಿನ ಗೋಡೆಗಳ ಸಂದಿನಲ್ಲಿರುವುದು ಸುಣ್ಣದ ಗಾರೆ. ಅದು ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದನ್ನು ಕೆರೆದು ಸಿಮೆಂಟು ತುಂಬಿದರೆ ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ, ಹೊರಬರಲು ದಾರಿ ಸಿಗದ ತೇವವು ಕಲ್ಲಿನೊಳಗೇ ಉಳಿದು, ಕಾಲಕ್ರಮದಲ್ಲಿ ಕಲ್ಲಿನ ಮುಖವೇ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗುತ್ತದೆ. ಅವಸರದ ಸುಣ್ಣಬಣ್ಣಕ್ಕಿಂತ ಗಾರೆಯ ಕೆಲಸ ಬಲ್ಲ ಒಬ್ಬ ಮೇಸ್ತ್ರಿ ಮೇಲು. ಹಾಗೆಯೇ, ಪರಂಪರೆಯ ಹೆಸರಿನಲ್ಲಿ ತರಗತಿಗಳನ್ನು ಹೊರಗೆ ಕಳಿಸಿ ಕಟ್ಟಡವನ್ನು ಬರಿಯ ಪ್ರದರ್ಶನಕ್ಕಿಡುವ ವಿಚಾರವನ್ನು ನಾನು ಒಪ್ಪಲಾರೆ. ನಮ್ಮ ಹಿರಿಯರು ಕೇಳಿದ್ದು ಸ್ಮಾರಕವನ್ನಲ್ಲ, ಪಾಠ ನಡೆಯುವ ಜಾಗವನ್ನು.

2003ರಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಪಕ್ಕದ ಹುಬ್ಬಳ್ಳಿಯಲ್ಲಿ ಆರಂಭವಾಯಿತು. 1908ರಲ್ಲಿ ದೂರವಾದದ್ದು ಹೆಚ್ಚುಕಡಿಮೆ ಶತಮಾನದ ಮೇಲೆ ಮಗ್ಗುಲೂರಿಗೆ ಮರಳಿತು, ಆದರೆ ಅಷ್ಟರೊಳಗೆ ಅದರ ಹಳೆಯ ಮನೆಯಲ್ಲಿ ಹಲವು ತಲೆಮಾರುಗಳು ಓದಿ ಹೊರಬಿದ್ದಿದ್ದವು. ಕಟ್ಟಡದ ಬಾಗಿಲಲ್ಲಿ ಎಲ್ಲರೂ ನಿಂತು ಓದುವಂತೆ ಒಂದು ಕನ್ನಡ ಫಲಕ ಇರಲಿ ಎಂಬುದು ನನ್ನ ಆಸೆ: 1882, 1908, 1917 ಎಂಬ ಮೂರು ಇಸವಿಗಳು, ಅವುಗಳ ಕೆಳಗೆ ಮನವಿ ಹಿಡಿದು ಅಲೆದವರ ಹೆಸರುಗಳು.